ಅತ್ತೆ ತೀರಿಕೊಂಡ ಮೇಲಿನ ಅಡುಗೆಗಳು

ನಮ್ಮತ್ತೆ ತೀರಿಕೊಂಡ ಮೇಲೂ ವಾರಕ್ಕೊಂದು ಅಡುಗೆ ಮಾಡುತ್ತಿದ್ದರು. ಪುಂಡಿಪಲ್ಲೆ ಮಾಡಿದರು, ಗುರೆಳ್ಳು ಹುರಿದು ಚಟ್ನಿ ಕುಟ್ಟಿದರು, ಪಂಚಮಿಗೆ ಉಂಡಿ ಕಟ್ಟಿದರು. ಊರೂರಿನ ಜನ ಅದನ್ನು ಫೋನಿನಲ್ಲಿ ನೋಡಿ "ಯವ್ವಾ, ಬಾಯಾಗ ನೀರು ಬಂತು ನೋಡ್ರಿ" ಎಂದು ಬರೆಯುತ್ತಿದ್ದರು. ಆ ಹೊತ್ತಿಗೆ ಅತ್ತೆಯ ಕೈ ಬನಹಟ್ಟಿಯ ಹೊರಗೆ ಮಣ್ಣಿನಲ್ಲಿತ್ತು. ಬರೆದವರಿಗೆಲ್ಲ ಅವರ ಪರವಾಗಿ ಉತ್ತರ ಕೊಡುತ್ತಿದ್ದವಳು ನಾನು.

ಇದನ್ನು ಹೇಳಿದರೆ ಜನ ನನ್ನನ್ನು ಒಂದು ನಮೂನೆ ನೋಡುತ್ತಾರೆ. ನೋಡಲಿ. ವಿಡಿಯೊ ಮಾಡಿ ಹೊಟ್ಟೆ ಹೊರೆಯುವುದು ಎಂದರೆ ಏನೆಂದು ಅವರಿಗೇನು ಗೊತ್ತು? ಕುಣಿಯುವುದು, ನಗುವುದು, ದುಡ್ಡು ಎಣಿಸುವುದು ಅಷ್ಟೇ ಅಂದುಕೊಂಡಿದ್ದಾರೆ.

ನಮ್ಮದು ಮಗ್ಗದ ಮನೆ. ಮುಂದೆ ವಾಸ, ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಪವರ್‌ಲೂಮ್. ನಮ್ಮ ಮನೆಯವರು ಅದರ ಮುಂದೆ ನಿಂತೇ ದೊಡ್ಡವರಾದವರು. ಹೊರಗಿನಿಂದ ಅಗ್ಗದ ಸೀರೆ ಬರತೊಡಗಿ ನಮ್ಮ ಸೀರೆ ಕೇಳುವವರು ಕಡಿಮೆಯಾದಾಗ, ನಾನು ಫೋನು ಹಿಡಿದು ಸೀರೆಯ ವಿಡಿಯೊ ಮಾಡತೊಡಗಿದೆ. ಸೆರಗು ತೋರಿಸಿದೆ, ಅಂಚು ತೋರಿಸಿದೆ, ಮಡಿಕೆ ಬಿಚ್ಚಿ ಬಿಚ್ಚಿ ಕೈ ಸೋತಿತು. ಯಾರೂ ಮೂಸಿ ನೋಡಲಿಲ್ಲ. ಒಂದು ದಿನ ನನ್ನ ಬೆನ್ನ ಹಿಂದೆ ಅತ್ತೆ ರೊಟ್ಟಿ ಬಡಿಯುತ್ತಿದ್ದದ್ದು ಒಂದು ಮೂಲೆಯಲ್ಲಿ ಬಂದುಬಿಟ್ಟಿತ್ತು. ಆವತ್ತು ಮಾತ್ರ ಜನ ಮುಗಿಬಿದ್ದರು. ಹಿಂದೆ ಕೂತಿರುವ ಅವ್ವ ಯಾರು, ರೊಟ್ಟಿ ಅಷ್ಟು ತೆಳ್ಳಗೆ ಹೇಗೆ, ಇನ್ನೊಮ್ಮೆ ತೋರಿಸಿ ಎಂದೆಲ್ಲ ಕೇಳಿದರು. ಅತ್ತೆಗೆ ಓದಿ ಹೇಳಿದೆ.

"ಸೀರಿ ಬಿಟ್ಟು ರೊಟ್ಟಿ ನೋಡಾಕತ್ತಾರಂದ್ರ ಹಸದಾರ, ಪಾಪ," ಎಂದರು ಅತ್ತೆ. "ಅವರಿಗೆ ಅಡಗೀನ ತೋರಸು."

ಹಾಗೆ ಶುರುವಾಯಿತು. ನಮ್ಮ ಕೆಲಸದ ರೀತಿ ಮಾತ್ರ ಬೇರೆ ಊರಿನವರಿಗೆ ನಂಬಲಿಕ್ಕೆ ಆಗದಂಥದ್ದು. ಓಣಿ ತುಂಬ ಮಗ್ಗ ಓಡುವಾಗ ಇಲ್ಲಿ ವಿಡಿಯೊ ತೆಗೆಯಲಿಕ್ಕೆ ಬರುವುದಿಲ್ಲ. ಅತ್ತೆ ಎಷ್ಟೇ ಕೂಗಿದರೂ ಖಟಖಟವೇ ಕೇಳಿಸುತ್ತದೆ. ಹಾಗಾಗಿ ನಾವು ಕಾಯುತ್ತಿದ್ದದ್ದು ಕರೆಂಟ್ ಹೋಗುವುದಕ್ಕೆ. ಊರಿಗೆಲ್ಲ ಕರೆಂಟ್ ಬೇಕು, ನಮ್ಮ ಅಡುಗೆಮನೆಗೆ ಅದು ಹೋಗಬೇಕು. ಅತ್ತೆ ಹಿಟ್ಟು ನಾದಿ, ಕಾಯಿಪಲ್ಲೆ ಎಲ್ಲ ಹೆಚ್ಚಿಟ್ಟುಕೊಂಡು ಒಲೆಯ ಮುಂದೆ ಕೂತಿರುತ್ತಿದ್ದರು. ಕರೆಂಟ್ ಹೋದೊಡನೆ ಇಡೀ ಓಣಿಯ ಮಗ್ಗಗಳು ಒಮ್ಮೆಗೇ ನಿಲ್ಲುತ್ತವೆ. ಆಗ ಬರುವ ನಿಶ್ಶಬ್ದ ಹೊಲದ ನಿಶ್ಶಬ್ದದಂಥದ್ದಲ್ಲ. ಓಣಿಯ ಜನರೆಲ್ಲ ಒಟ್ಟಿಗೆ ಉಸಿರು ಹಿಡಿದರೋ ಎನ್ನುವಂತಿರುತ್ತದೆ. ಹಿತ್ತಲ ಬಾಗಿಲಿನಿಂದ ಬರುವ ಬೆಳಕಿನಲ್ಲಿ, ಆ ನಿಶ್ಶಬ್ದದೊಳಗೆ ಅತ್ತೆ ಮಾತನಾಡುತ್ತಿದ್ದರು, ನಾನು ತೆಗೆಯುತ್ತಿದ್ದೆ. ಹೆಚ್ಚು ಹೊತ್ತು ಕರೆಂಟ್ ಇಲ್ಲದ ದಿನ ಸೀರೆ ಬದಲಿಸಿ ಬದಲಿಸಿ ಮೂರು ನಾಲ್ಕು ಅಡುಗೆ ಮುಗಿಸುತ್ತಿದ್ದೆವು, ಬೇರೆ ಬೇರೆ ದಿನ ಮಾಡಿದ್ದು ಎಂದು ಕಾಣಲಿ ಅಂತ. ಸೀರೆಗೇನು, ನಮ್ಮ ಮನೆಯಲ್ಲಿ ಬರವಿರಲಿಲ್ಲ.

ಉಳಿದವರೆಲ್ಲ ವಿಡಿಯೊದ ಕೊನೆಗೆ ಆ ಬಟನ್ ಒತ್ತಿ, ಗಂಟೆ ಬಾರಿಸಿ ಎಂದು ಹೇಳುತ್ತಾರಲ್ಲ, ಅತ್ತೆಗೂ ಹಾಗೆ ಹೇಳಿ ಎಂದು ಗೋಗರೆದೆ. "ಗಂಟಿ ಬಾರಸಾಕ ಇದೇನ ಗುಡಿಯೇನ?" ಎಂದು ಗದರಿದರು. ಅದರ ಬದಲು ಪ್ರತಿ ಸಲ ಕೈ ಒರೆಸಿಕೊಳ್ಳುತ್ತ, "ಈ ಕಡೆ ಬಂದ್ರ ಮನಿಗೆ ಬರ್ರಿ. ಒಂದು ರೊಟ್ಟಿ ತಿಂದು ಹೋಗ್ರಿ" ಎನ್ನುತ್ತಿದ್ದರು. ನಮ್ಮ ಕಡೆ ಆ ಮಾತನ್ನು ಯಾರೂ ಬಾಯುಪಚಾರಕ್ಕೆ ಆಡುವುದಿಲ್ಲ, ಬಾಯುಪಚಾರವೆಂದು ಕೇಳಿಸಿಕೊಳ್ಳುವುದೂ ಇಲ್ಲ. ಜನ ನಿಜವಾಗಿಯೂ ಬಂದರು! ಮುಧೋಳದಿಂದ ಬಂದರು, ಬೀಳಗಿ ಕಡೆಯಿಂದ ಬಂದರು. ಸ್ಟ್ಯಾಂಡಿನಲ್ಲಿ ಇಳಿದು "ರೊಟ್ಟಿ ಅವ್ವನ ಮನಿ ಎಲ್ಲೈತ್ರಿ" ಎಂದು ಕೇಳಿಕೊಂಡು, ಕೈಯಲ್ಲೊಂದು ಚೀಲ ಹಿಡಿದು ಬಂದರು. ಅತ್ತೆ ಎಲ್ಲರಿಗೂ ಬಡಿಸಿದರು. ನಾನು ಒಳಗೊಳಗೇ ಗೊಣಗಿದೆ, ಆದರೆ ಮನೆ ನಡೆಯುತ್ತಿದ್ದದ್ದು ಆ ವಿಡಿಯೊಗಳ ದುಡ್ಡಿನಿಂದಲೇ. ಮಗ್ಗ ಆಗಲೇ ಹೆಸರಿಗಷ್ಟೇ ಓಡುತ್ತಿತ್ತು.

ಅತ್ತೆಯ ಹೊಟ್ಟೆಯಲ್ಲಿ ಗಡ್ಡೆಯಿದೆ, ಬಹಳ ಬೆಳೆದಿದೆ ಎಂದು ಡಾಕ್ಟರು ಹೇಳಿದ್ದು ಚಳಿಗಾಲದಲ್ಲಿ. ನಮ್ಮ ಮನೆಯವರು ಆಸ್ಪತ್ರೆಯಿಂದ ಬಂದವರೇ ಶೆಡ್ಡಿಗೆ ಹೋಗಿ ಮಗ್ಗ ಹಚ್ಚಿ ನಿಂತುಬಿಟ್ಟರು. ಅತ್ತೆ ಅಡುಗೆಮನೆಗೆ ಹೋಗಿ ನನ್ನನ್ನು ಕರೆದರು.

"ಮಳಿಗಾಲಕ್ಕ ಹಪ್ಪಳ, ಸಂಡಿಗಿ ಮಾಡಿಡ್ತೇವಿಲ್ಲೊ, ಇದೂ ಹಂಗ ಮಾಡಿಡೂಣು," ಎಂದರು. "ಕೈಯಾಗ ಬಲ ಇರೂತನಾ ತಗದಿಡು. ಆಮ್ಯಾಲ ಒಂದೊಂದ ಬಿಡಾಕ ಬರತೈತಿ."

"ಆಮ್ಯಾಲ ಅಂದ್ರ?" ಎಂದೆ. ಗೊತ್ತಿದ್ದೂ ಕೇಳಿದೆ.

"ನಾ ಹ್ವಾದ ಮ್ಯಾಲ. ಹೋದೆ ಅಂತ ಮಾತ್ರ ಫೋನಿನ್ಯಾಗ ಯಾರ ಮುಂದೂ ಹೇಳಬ್ಯಾಡ. ಸತ್ತಾಕಿ ಅಡಗಿ ಯಾರ ನೋಡ್ತಾರ? ಮನಿ ನಿಂತ ಬಿಡತೈತಿ."

ನಾನು ಹೂಂ ಎಂದೆ. ಬೇಡ ಎನ್ನಬೇಕಿತ್ತೇನೋ, ಆದರೆ ಅತ್ತೆ ಆಗಲೇ ಎದ್ದು ಸೀರೆ ಆರಿಸಲಿಕ್ಕೆ ಹೋಗಿದ್ದರು. ಎರಡು ತಿಂಗಳು, ಕರೆಂಟ್ ಹೋದಾಗಲೆಲ್ಲ ತೆಗೆದೆವು. ನನ್ನನ್ನು ಅಂಜಿಸಿದ್ದು ಅತ್ತೆಯ ರೋಗವಲ್ಲ. ಅವರು ಆ ವಿಡಿಯೊಗಳಲ್ಲಿ ಮಾತನಾಡುತ್ತಿದ್ದ ರೀತಿ. ಮೈ ಕೊರೆಯುವ ಚಳಿಯಲ್ಲಿ ಶಾಲು ತೆಗೆದಿಟ್ಟು, ತಲೆಗೆ ಹೂ ಮುಡಿದು, "ಇವತ್ತ ಪಂಚಮಿ ನೋಡ್ರಿ, ಮಳಿ ಹಿಡದ ಕುಂತೈತಿ" ಎನ್ನುತ್ತಿದ್ದರು. ನಟನೆ ಎನಿಸುತ್ತಿರಲಿಲ್ಲ. ಎದುರಿಗೆ ಬರೀ ಆ ದಿನವನ್ನೇ ಕಾಣುತ್ತಿದ್ದರೇನೋ. ಒಮ್ಮೆ ಫೋನು ಹಿಡಿದುಕೊಂಡಿದ್ದವಳು ಮಳೆ ಬಂತೇ ಎಂದು ಹೊರಳಿ ಹಿತ್ತಲಿಗೆ ನೋಡಿದ್ದೆ. ಒಣಬಿಸಿಲಿತ್ತು.

ಯುಗಾದಿ ಇನ್ನೂ ಮುಂದಿರುವಾಗ ಅತ್ತೆ ಹೋದರು. ತವರು ರನ್ನ ಬೆಳಗಲಿಯಿಂದ ಅವರ ತಮ್ಮ ಸೀರೆ ತಂದಿದ್ದರು, ಅದನ್ನು ಉಡಿಸಿದೆವು. ಅದರ ಮೇಲೆ ನಮ್ಮ ಮನೆಯವರು ತಾವೇ ನೇಯ್ದ, ಅತ್ತೆಗೆ ಜೀವವಾಗಿದ್ದ ಕಡುಹಸಿರಿನ ಸೀರೆ ಹೊದಿಸಿದರು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಕುಣಿಯೊಳಗೆ ಆ ಹಸಿರು ಕಾಣದಾಗುವ ತನಕ ಮಣ್ಣು ಬಿದ್ದದ್ದನ್ನು ನಿಂತು ನೋಡಿದರಂತೆ.

ಕಾರ್ಯ ಮುಗಿದ ಮೇಲೆ, ಎಷ್ಟು ದಿನ ಅಂತ ಸುಮ್ಮನಿರುವುದು ಎಂದು ಫೋನು ತೆಗೆದೆ. ತೆಗೆದಿಟ್ಟದ್ದರಲ್ಲಿ ಮೊದಲನೆಯದನ್ನು ತೆರೆದರೆ ಅತ್ತೆ ಅದೇ ಹಸಿರು ಸೀರೆ ಉಟ್ಟು ಕೂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬರ್ರಿ, ಇವತ್ತ ಝುಣಕ ಮಾಡೂಣು" ಎಂದರು. ಬೇರೆಯದನ್ನು ಹಾಕೋಣ ಎಂದುಕೊಂಡೆ, ಆದರೆ ಬೇರೆಯದರಲ್ಲೇನು ಅತ್ತೆ ಬದುಕಿದ್ದಾರೆಯೇ? ಹಾಕಿದೆ. ಸಂಜೆಯೊಳಗೆ ನೂರಾರು ಜನ ಬರೆದರು. "ಸೀರಿ ಭಾಳ ಛಲೋ ಐತ್ರಿ ಅವ್ವಾರ, ಎಲ್ಲಿ ಸಿಗತೈತಿ?" ಎಂದು ಒಬ್ಬಾಕೆ ಕೇಳಿದ್ದಳು. ಅದೊಂದಕ್ಕೆ ಮಾತ್ರ ಉತ್ತರ ಬರೆಯಲಿಕ್ಕೆ ನನ್ನಿಂದ ಆಗಲಿಲ್ಲ.

ಉಳಿದವಕ್ಕೆ ಬರೆದೆ. "ಅವ್ವಾ ಆರಾಮದೀರಿಲ್ಲೊ?" ಎಂದು ಕೇಳಿದವರಿಗೆ "ಆರಾಮ ಅದೇನಿ. ನೀವು ಹೆಂಗದೀರಿ?" ಎಂದು ಬರೆದೆ. ಮೊದಮೊದಲು ಬರೆದು ಫೋನನ್ನು ಬೋರಲು ಹಾಕಿಬಿಡುತ್ತಿದ್ದೆ. ಬರಬರುತ್ತ ಅತ್ತೆಯ ಮಾತು ತಾನಾಗಿ ಬೆರಳಿಗೆ ಬರತೊಡಗಿತು. ಯಾರಾದರೂ ಬಾಣಂತಿ ಬರೆದರೆ "ಬೆಳ್ಳುಳ್ಳಿ ಮರೀಬ್ಯಾಡ ನನ್ನವ್ವಾ" ಎಂದು ಬರೆದಿರುತ್ತಿದ್ದೆ. ನಾನು ಹಡೆದವಳಲ್ಲ, ಬಾಣಂತನ ಮಾಡಿದವಳೂ ಅಲ್ಲ. ಆ ಮಾತು ಎಲ್ಲಿಂದ ಬಂತೆಂದು ಯೋಚಿಸುವಷ್ಟರಲ್ಲಿ ಮುಂದಿನದಕ್ಕೆ ಉತ್ತರ ಹೋಗಿರುತ್ತಿತ್ತು.

ಶ್ರಾವಣ ಬಂತು. ಸಾವಾದ ಮನೆಯಲ್ಲಿ ವರ್ಷದ ತನಕ ಹಬ್ಬವಿಲ್ಲ. ಉಂಡಿ ಕಟ್ಟುವಂತಿಲ್ಲ, ಒಲೆಯ ಮೇಲೆ ಎಣ್ಣೆಯ ಬಾಣಲೆ ಏರಿಸುವಂತಿಲ್ಲ. ನಾವೂ ಹಾಗೇ ಇದ್ದೆವು. ಆದರೆ ಪಂಚಮಿಯ ವಿಡಿಯೊ ಹಾಕದೆ ಬಿಟ್ಟರೆ ನೋಡುವವರು ಕೇಳುತ್ತಾರೆ ಎಂದು ಅತ್ತೆಯ ಉಂಡಿಗಳನ್ನು ಹಾಕಿದೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಎಲ್ಲ ಸಾಲಾಗಿ ಇಟ್ಟಿದ್ದರು. ಅದನ್ನು ಕತ್ತರಿಸಿ ಜೋಡಿಸುವಾಗ ಅತ್ತೆ ಪಾಕ ತಿರುವುತ್ತ ನಡುವೆಯೇ ತಲೆ ಎತ್ತಿ, "ಏ ಹುಡುಗಿ, ಮಳಿ ಬಂತು, ಅರಬಿ ಒಳಗ ತುಗೊ" ಎಂದರು. ನಾನು ಎದ್ದು ಹಿತ್ತಲಿಗೆ ಓಡಿ ಹಗ್ಗದ ಮೇಲಿದ್ದ ಬಟ್ಟೆಗಳನ್ನು ಬಾಚಿಕೊಂಡೆ. ಎದೆಗವುಚಿ ನಿಂತ ಮೇಲೆ ಮೈಮೇಲೆ ಹನಿ ಬಿದ್ದವು. ಆಮೇಲೆ ಮಳೆ ಜೋರಾಗಿ ಹಿಡಿಯಿತು. ಅತ್ತೆ ಆ ಮಾತು ಆಡಿದ್ದು ಮಾಘದ ಬಿಸಿಲಿನಲ್ಲಿ. ಆಗ ಹಗ್ಗದ ಮೇಲೆ ಬಟ್ಟೆಯಿತ್ತೋ ಇಲ್ಲವೋ ನನಗೆ ನೆನಪಿಲ್ಲ. ನಾನು ನಕ್ಕೆನೆಂದು ಮಾತ್ರ ನೆನಪಿದೆ.

ಹಬ್ಬದ ದಿನ ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದಳು. ಅತ್ತೆಯ ಮೈ ತೊಳೆಯಲು ನನ್ನೊಡನೆ ಕೈಹಚ್ಚಿದವಳು ಆಕೆ. ಬಾಗಿಲಲ್ಲೇ ನಿಂತು ಮೂಗು ಏರಿಸಿದಳು.

"ಉಂಡಿ ಕಟ್ಟೀಯೇನ? ಈ ವರ್ಷ ಮಾಡಂಗಿಲ್ಲ ಹೌದಿಲ್ಲೊ?"

"ಇಲ್ರಿ ಅಕ್ಕಾರ. ಯಾರ ಹೇಳಿದ್ರು? ಅದು ಫೋನಿನ್ಯಾಗಿಂದು, ಹಳೇದು."

"ಫೋನಿನ್ಯಾಗಿಂದು ನಂಗೂ ಗೊತ್ತೈತಿ. ಮುಂಜಾನಿಂದ ನಮ್ಮ ಪಡಸಾಲಿಗೆ ಬೆಲ್ಲದ ಪಾಕದ ವಾಸನಿ ಬರಾಕತ್ತೈತಿ. ಅದೂ ಫೋನಿನ್ಯಾಗಿಂದ ಬಂತೇನ?"

ಒಳಗೆ ಕರೆದುಕೊಂಡು ಹೋಗಿ ತಣ್ಣಗಿದ್ದ ಒಲೆ ತೋರಿಸಿದೆ. ಬೋಗುಣಿ ಎತ್ತಿ ನೋಡಿದಳು, ಡಬ್ಬಿ ತೆರೆದು ನೋಡಿದಳು. ಏನೂ ಇರಲಿಲ್ಲ. ಹೋಗುವಾಗ ನನ್ನ ಕಡೆ ನೋಡದೆ ಒಲೆಯ ಕಡೆ ಕೈ ಮುಗಿದು ಹೋದಳು. ಆಕೆಗೆ ಹೇಳಲಿಲ್ಲ, ವಾಸನೆ ನನಗೂ ಬಂದಿತ್ತು. ಇಡೀ ಓಣಿಯೇ ಪಾಕ ಕಾಯಿಸುವ ದಿನ, ಎಲ್ಲಿಂದಾದರೂ ಬಂದಿರಬಹುದು.

ಇಷ್ಟರಲ್ಲಿ ನಮ್ಮ ಮನೆಯವರು ನನ್ನ ಮುಖ ನೋಡುವುದನ್ನು ಬಿಟ್ಟಿದ್ದರು. ತಟ್ಟೆ ತೆಗೆದುಕೊಂಡು ಶೆಡ್ಡಿಗೆ ಹೋಗಿ ಉಣ್ಣುತ್ತಿದ್ದರು. ಕರೆಂಟ್ ಹೋದೊಡನೆ ಚಪ್ಪಲಿ ಮೆಟ್ಟಿ ಚಹಾದ ಅಂಗಡಿಗೆ ನಡೆಯುತ್ತಿದ್ದರು, ಕರೆಂಟ್ ಬಂದ ಮೇಲೇ ತಿರುಗಿ ಬರುವುದು. ನಾನು ಮಾತನಾಡಿಸಿದರೆ ನೆಲ ನೋಡಿ ಉತ್ತರ ಕೊಡುತ್ತಿದ್ದರು. ಮೊದಲು ಸಿಟ್ಟು ಬಂತು. ಗಂಡಸರಿಗೆ ದುಃಖವಾದರೆ ಹೆಂಡತಿಯ ಮೇಲೆ ತೀರಿಸುತ್ತಾರೆ ಎಂದುಕೊಂಡೆ. ಒಂದು ದಿನ ಜಗಳಕ್ಕೇ ನಿಂತೆ.

"ನಾನೇನ ಮಾಡೇನ್ರಿ? ಹೇಳ್ರಿ. ಹಂಗ್ಯಾಕ ನೆಲಾ ನೋಡ್ತೀರಿ?"

"ನಮ್ಮವ್ವನ್ನ ದಿನಾ ಎಬ್ಬಸಾಕತ್ತಿ," ಎಂದರು. "ಶೆಡ್ಡಿನಿಂದ ಬಂದ್ರ ಅಡಗೀಮನ್ಯಾಗ ಆಕೀ ದನಿ. ನೀ ಫೋನ್ ಬಂದ್ ಮಾಡಿದ ಮ್ಯಾಲೂ ಅದ ದನಿ."

"ಬಂದ್ ಮಾಡಿದ ಮ್ಯಾಲ ಹೆಂಗ ಕೇಳತೈತಿ?"

"ನೀ ಮಾತಾಡ್ತೀಯಲ್ಲ."

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದೆರಡು ಮಾತು ಆಡಿ ನೋಡಿಕೊಂಡೆ. ಏನೂ ಫರಕು ತಿಳಿಯಲಿಲ್ಲ. ನಮ್ಮ ಧ್ವನಿ ನಮಗೆ ತಿಳಿಯುವುದಾದರೂ ಹೇಗೆ? ದಿನವಿಡೀ ಕಿವಿಯಲ್ಲಿ ಅತ್ತೆಯ ಮಾತು, ಅದೇ ಸಾಲನ್ನು ಹತ್ತು ಸಲ ಹಿಂದೆ ಮುಂದೆ ಮಾಡಿ ಕತ್ತರಿಸುವುದು, ಮತ್ತೆ ಅವರ ಹೆಸರಿನಲ್ಲೇ ಉತ್ತರ ಬರೆಯುವುದು. ಇದರ ನಡುವೆ ನನ್ನದು ಅಂತ ಒಂದು ಮಾತು ಆಡದೆ ಎಷ್ಟು ದಿನವಾಗಿತ್ತೋ. ನಿಲ್ಲಿಸಿದರೆ ಮನೆ ನಿಲ್ಲುತ್ತದೆ, ನಿಲ್ಲಿಸದಿದ್ದರೆ ಗಂಡ ನನ್ನನ್ನು ನೋಡುವುದಿಲ್ಲ. ನನಗೆ ನಿಜವಾಗಿ ಭಯವಾದದ್ದು ಅಂದು.

ತೆಗೆದಿಟ್ಟದ್ದೂ ಮುಗಿಯುತ್ತ ಬಂದಿತ್ತು. ಜಮಖಂಡಿಯಲ್ಲಿ ಮದುವೆ ವಿಡಿಯೊ ಮಾಡುವ ಪರಿಚಯದವರೊಬ್ಬರು ನನ್ನ ತವರಿನ ಓಣಿಯವರು. ವಿಡಿಯೊ ಕೆಲಸದವರ ಪೈಕಿ ಸಂಗತಿ ಅವರೊಬ್ಬರಿಗೆ ಗೊತ್ತಿತ್ತು. ಚಿಂತೆ ಮಾಡಬೇಡ ತಂಗಿ, ಇರುವ ವಿಡಿಯೊಗಳಿಂದಲೇ ಕಂಪ್ಯೂಟರು ಅತ್ತೆಯ ಮುಖ, ಮಾತು ಎಲ್ಲ ಹೊಸದಾಗಿ ಮಾಡಿಕೊಡುತ್ತದೆ ಎಂದು ಒಂದು ತುಣುಕು ಕಳಿಸಿದರು. ತೆರೆದೆ. ಅತ್ತೆ ನಗುತ್ತಿದ್ದರು. ತಾವು ಜೀವಮಾನದಲ್ಲಿ ಮಾಡದ ಯಾವುದೋ ಪಲ್ಯವನ್ನು ವಿವರಿಸುತ್ತಿದ್ದರು. ಧ್ವನಿ ಅವರದೇ, ಮಾತಿನ ಧಾಟಿಯೂ ಅವರದೇ. ಆದರೆ ಅವರು ಎಲ್ಲಿಯೂ ಉಸಿರು ತೆಗೆದುಕೊಳ್ಳಲಿಲ್ಲ. ಮಾತಿನ ಮೇಲೆ ಮಾತು, ಮಾತಿನ ಮೇಲೆ ಮಾತು, ನಡುವೆ ಉಸಿರೇ ಇಲ್ಲ. ನಾನು ನನ್ನ ಉಸಿರು ಬಿಗಿಹಿಡಿದು ನೋಡುತ್ತಿದ್ದೆನೆಂದು ಎದೆ ನೋಯತೊಡಗಿದ ಮೇಲೆ ಗೊತ್ತಾಯಿತು. ಅದನ್ನು ಅಳಿಸಿ, ಬೇಡ ಅಣ್ಣಾ ಎಂದು ಬರೆದೆ.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಮುದುಕಿಯೊಬ್ಬಳು ಬಾಗಿಲಿಗೆ ಬಂದಳು. ಗೋಡೆ ಹಿಡಿದು ಬಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಂಕುಳಲ್ಲಿ ಬದನೆಕಾಯಿಯ ಚೀಲ.

"ಗಲಗಲಿಯಿಂದ ಬಂದೇನ್ಯವ್ವಾ. ಹೊಳಿದಂಡಿ ಬದನಿಕಾಯಿ ಅದಾವ. ಅಕ್ಕಾರು ಅದಾರಿಲ್ಲೊ? ಮೊನ್ನಿ ಬರ್ರಿ ಅಂದ್ರಲ್ಲ, ಬಂದೆ. ನಂಗ ಕಾಣೂದಿಲ್ಲ, ನಮ್ಮ ಸೊಸಿ ಫೋನ್ ಹಚ್ಚಿ ಕಿವೀಗೆ ಕೊಡ್ತಾಳ. ದಿನಾ ಕೇಳ್ತೇನಿ."

ಮೊನ್ನೆಯ ವಿಡಿಯೊದಲ್ಲೂ ಅತ್ತೆ ಕೊನೆಗೆ ಎಲ್ಲರನ್ನೂ ಕರೆದಿದ್ದರು. "ಬೆಳಗಲಿಗೆ ಹೋಗ್ಯಾರ್ರಿ, ತವರಿಗೆ," ಎಂದೆ. ಹಾಗೆ ಬಂದವರಿಗೆಲ್ಲ ಹೇಳಿ ಹೇಳಿ ಆ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು.

"ಬರಲಿ ತುಗೊ. ಬಸ್ಸು ಸಂಜೀಗೈತಿ, ಅಲ್ಲೀತನಾ ಕುಂಡರತೇನಿ," ಎಂದು ಪಡಸಾಲೆಯಲ್ಲಿ ಕೂತೇಬಿಟ್ಟಳು.

ಬಾ ಎಂದು ಕರೆಸಿಕೊಂಡವಳನ್ನು ಹಸಿದು ಕಳಿಸುವುದು ಹೇಗೆ? ಅವಳು ತಂದ ಬದನೆಕಾಯಿಯನ್ನೇ ಎಣ್ಣೆಗಾಯಿ ಮಾಡಿ, ಹಂಚು ಕಾಯಲಿಟ್ಟು ಹಿಟ್ಟು ನಾದಿದೆ. ಮೊದಲ ಉಂಡೆ ಕೈಗೆ ತೆಗೆದುಕೊಳ್ಳುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಶೆಡ್ಡು ನಿಂತಿತು, ಓಣಿ ನಿಂತಿತು. ನಾನು ರೊಟ್ಟಿ ಬಡಿಯತೊಡಗಿದೆ.

ಪಡಸಾಲೆಯಿಂದ ಮುದುಕಿ ನಕ್ಕಳು.

"ಯಕ್ಕಾ! ಒಳಗ ಅದೀಯಲ್ಲಬೇ! ಸೊಸಿ ಕೈಲೆ ಸುಳ್ಳ ಹೇಳಸ್ತೀಯಲ್ಲ! ನಿನ್ನ ರೊಟ್ಟಿ ಸಪ್ಪಳ ನಂಗ ತಿಳಿಯೂದಿಲ್ಲೇನ? ಎರಡ ಸಲ ಬಡೀತಿ, ಒಮ್ಮಿ ತಿರಗಸ್ತಿ, ಮತ್ತ ಎರಡ ಸಲ ಬಡೀತಿ."

ನನ್ನ ಕೈ ನಿಲ್ಲಲಿಲ್ಲ. ಎರಡು ಸಲ ಬಡಿಯಿತು, ತಿರುಗಿಸಿತು, ಮತ್ತೆ ಎರಡು ಸಲ ಬಡಿಯಿತು. ನಾನು ರೊಟ್ಟಿ ಬಡಿಯುವುದು ಹಾಗಲ್ಲ. ನನ್ನದು ಹರಿಬರಿ, ಬಟ್ಟೆ ಒಗೆದ ಹಾಗೆ ಬಡಿಯುತ್ತಿ ಎಂದು ಅತ್ತೆ ಬೈಯುತ್ತಿದ್ದರು. ಈ ಕೈ ಯಾವಾಗ ಇದನ್ನು ಕಲಿಯಿತು? ಕಣ್ಣ ಮುಂದೆ ರೊಟ್ಟಿ ಹಿಗ್ಗುತ್ತಿತ್ತು, ಅಂಚಿನ ತನಕ ಒಂದೇ ತೆಳುವಾಗಿ, ಚಂದ್ರನಂತೆ ದುಂಡಗೆ. ನಾನು ಅದನ್ನು ದೂರದಿಂದ ನೋಡುತ್ತಿದ್ದೆ. ಆಗ ಒಂದು ಸಣ್ಣ ಕೆಮ್ಮು ಕೇಳಿಸಿತು. ಅತ್ತೆ ಹಿಟ್ಟಿನ ಧೂಳಿಗೆ ಕೆಮ್ಮುತ್ತಿದ್ದಂಥ ಕೆಮ್ಮು. ಅದು ನನ್ನ ಗಂಟಲಿನದೇ ಎಂದು ಈಗ ಹೇಳುತ್ತೇನೆ, ಆ ಹೊತ್ತಿನಲ್ಲಿ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

"ಯವ್ವಾ."

ಹಿತ್ತಲ ಬಾಗಿಲಿನಿಂದ ಬಂದ ಕೂಗು. ಹೊರಳಿ ನೋಡಿದೆ. ನಮ್ಮ ಮನೆಯವರು ಹೊಸ್ತಿಲ ಮೇಲೆ ನಿಂತಿದ್ದರು, ಕೂದಲಲ್ಲಿ ನೂಲಿನ ಧೂಳು, ಬರಿಗಾಲು. ಆವತ್ತು ಚಹಾದ ಅಂಗಡಿಗೆ ಹೋಗಿರಲಿಲ್ಲ. ಅವರ ಮುಖದ ತುಂಬ ಸಂತೋಷವಿತ್ತು. ಶಾಲೆ ಬಿಟ್ಟು ಹಸಿದು ಬಂದ ಹುಡುಗನ ಸಂತೋಷ. ಮರುಕ್ಷಣ ಅವರಿಗೆ ಕಂಡದ್ದು ನಾನು. ಆ ಮುಖ ಆರಿಹೋದದ್ದನ್ನು ನೋಡಿದೆನಲ್ಲ, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನನ್ನನ್ನು ನೋಡಿ ಯಾರಿಗೂ ಅಷ್ಟು ನಿರಾಸೆಯಾದದ್ದಿಲ್ಲ.

ಹೊಸ್ತಿಲ ಮೇಲೆ ಕುಸಿದು ಕೂತು ಅತ್ತರು. ಮಣ್ಣಿನ ದಿನ ಅಳದವರು ಈಗ ದನಿ ತೆಗೆದು ಅತ್ತರು. "ನಮ್ಮವ್ವ ಸತ್ತಾಳ," ಎಂದರು. "ಅಷ್ಟ ಹೇಳು. ಯಾರಿಗ್ಯಾರ ಒಬ್ಬರಿಗ್ಯಾರ ಹೇಳು ಸಾಕು."

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡಿತು. ಒಲೆ ಆರಿಸಿ, ಕೈ ಒರೆಸಿಕೊಂಡು ಪಡಸಾಲೆಗೆ ಹೋಗಿ ಮುದುಕಿಯ ಎದುರು ಕೂತೆ.

"ಅತ್ತಿ ತೀರಿಕೊಂಡಾರ್ರಿ. ಯುಗಾದಿಗೆ ಮೊದಲ."

"ಮೊನ್ನಿ ಬಾ ಅಂದಾಳಲ್ಲ," ಎಂದಳು ಅವಳು.

"ಅದು ಬದುಕಿದ್ದಾಗ ಆಡಿದ ಮಾತ್ರಿ. ನಾ ಈಗ ಹಾಕೇನಿ."

"ಒಳಗ ರೊಟ್ಟಿ ಬಡದಾಕಿ?"

"ನಾನ್ರಿ."

ಪೊರೆ ಬಂದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿದಳು. "ನೀ ಯಾರು?"

"ಸೊಸಿರಿ. ನಾನ ಬಾಗಿಲಾ ತಗದಾಕಿ."

"ಅದಲ್ಲವ್ವಾ," ಎಂದಳು ಮುದುಕಿ. "ಆವಾಗಿಂದ ಮಾತಾಡಾಕತ್ತೀವಿ, ನಂಗ ಒಬ್ಬಾಕೀ ದನೀನ ಕೇಳಾಕತ್ತೈತಿ."

ಅವಳು ಉಂಡಳು. ನಾನು ಎದುರಿಗೆ ಕೂತಿದ್ದೆ, ನಮ್ಮ ಮನೆಯವರೂ ಬಂದು ಕೂತರು. ತುತ್ತಿನ ನಡುನಡುವೆ ಆಕೆ ಅತ್ತೆಯ ಬಗ್ಗೆ ಕೇಳಿದಳು, ಅವರು ಹೇಳಿದರು. ಹೇಗೆ ಹೋದರು, ಕಡೆಗೆ ಏನಾದರೂ ಬೇಡಿದರೇ, ಎಷ್ಟು ನೋವಿತ್ತು. ಅಷ್ಟನ್ನು ನಾನೂ ಅವರನ್ನು ಕೇಳಿರಲಿಲ್ಲ. ಸಂಜೆ ಅವರೇ ಮುದುಕಿಯನ್ನು ಕೈಹಿಡಿದು ಬಸ್ಸಿಗೆ ಹತ್ತಿಸಿ ಬಂದರು.

ಮರುದಿನ ಅತ್ತೆಯ ಒಂದು ಫೋಟೊ ಇಟ್ಟು, ಎಂದು ತೀರಿಕೊಂಡರೆಂದು ಬರೆದು ಹಾಕಿದೆ. ಅತ್ತವರಿದ್ದರು. ಸತ್ತವಳ ಹೆಸರಿನಲ್ಲಿ ಉಂಡಿರಿ ಎಂದು ಉಗಿದವರಿದ್ದರು. ಬಿಟ್ಟುಹೋದವರು ಬಹಳ. ಎಲ್ಲರದನ್ನೂ ಓದಿದೆ, ಯಾರಿಗೂ ಉತ್ತರ ಬರೆಯಲಿಲ್ಲ. ಉಳಿದ ಕೆಲವು ವಿಡಿಯೊಗಳು ಇನ್ನೂ ನನ್ನ ಬಳಿಯಿವೆ. ಅವು ಮನೆಯವರಿಗೆ, ಊರಿಗಲ್ಲ.

ಮುಂದೆ ಹೊಟ್ಟೆಗೆ ಏನು ಎಂಬ ಪ್ರಶ್ನೆ ಹಾಗೇ ಇತ್ತು. ನೀನೇ ಕೂಡು, ನಾನು ಫೋನು ಹಿಡಿಯುತ್ತೇನೆ ಎಂದರು ನಮ್ಮ ಮನೆಯವರು. ಒಂದು ಮಧ್ಯಾಹ್ನ ಓಣಿಯ ಮಗ್ಗಗಳು ನಿಂತಾಗ ಒಲೆಯ ಮುಂದೆ ಕೂತೆ. ಅವರು ಎದುರಿಗೆ ನಿಂತು ಫೋನನ್ನು ಮುಖಕ್ಕೆ ಅಡ್ಡ ಹಿಡಿದರು. "ಬರ್ರಿ, ಇವತ್ತ..." ಎಂದೆ. ಫೋನು ಕೆಳಗಿಳಿಸಿದರು.

"ನೀ ಮಾತಾಡು."

"ಮಾತಾಡಾಕತ್ತೇನಲ್ರಿ."

"ನೀ ಅಲ್ಲ ಅದು."

ಮತ್ತೆ ಹೇಳಿದೆ. ಮತ್ತೆ ಇಳಿಸಿದರು. ಇನ್ನೊಮ್ಮೆ ಹೇಳಿದೆ, ತಲೆ ಅಲ್ಲಾಡಿಸಿದರು. ನೆಲ ನೋಡುತ್ತಲೇ ಅಲ್ಲಾಡಿಸಿದರು. ನನ್ನದೇ ಮಾತು ಹೇಗಿತ್ತೆಂದು ಎಷ್ಟು ಹುಡುಕಿದರೂ ಬಾಯಿಗೆ ಬರಲಿಲ್ಲ, ಅಳು ಮಾತ್ರ ಬಂತು. ಕರೆಂಟ್ ಬಂದರೆ ಈ ಹೊತ್ತೂ ಹೋಯಿತಲ್ಲ ಎಂದು ಸಿಟ್ಟು ನೆತ್ತಿಗೇರಿತು.

"ಮೊದಲ ಆ ಫೋನ್ ಸೀದಾ ಹಿಡೀರಿ!" ಎಂದು ಒದರಿದೆ. "ಇಷ್ಟುದ್ದದ ಸೀರಿ ನೇಯತೀರಿ, ಅಂಗೈಯಷ್ಟ ಫೋನ್ ಹಿಡಿಯಾಕ ಬರೂದಿಲ್ಲೇನ? ನನ್ನ ಮೂಗಷ್ಟ ಬರಾಕತ್ತಿರಬೇಕು!"

ಅವರು ಫೋನಿನ ಮೇಲಿನಿಂದ ತಲೆ ಎತ್ತಿ ನನ್ನ ಮುಖ ನೋಡಿದರು. ಕಣ್ಣು ಕದಲಿಸದೆ ನೋಡಿದರು.

"ಈಗ ಬಂದಿ ನೋಡು," ಎಂದರು. "ಇಷ್ಟ ದಿನ ಎಲ್ಲಿ ಹೋಗಿದ್ದಿ?"

ಎಲ್ಲಿಗೆ ಹೋಗಿದ್ದೆನೋ ನನಗೂ ಗೊತ್ತಿರಲಿಲ್ಲ.